ಜುಲೈ ಮಳೆ ಎಲ್ಲೋಯ್ತು? ಕಲರ್ ಸ್ಕೇಲ್ ಮೇಲೆ ನಂಬರ್ ಕಾಣೋ ಹಂಗೆ ಮಾಡೋದು

ಸ್ಕ್ರೀನಲ್ಲಿ ಕಾಣ್ತಿರೋದು ನಮ್ಮ ದೊಡ್ಡಪ್ಪನ ಮಳೆ ಪುಸ್ತಕ, ಅಂದ್ರೆ ಅದರ ಎಕ್ಸೆಲ್ ಅವತಾರ. ಕೊಡಗಲ್ಲಿ ಕಾಫಿ ತೋಟ ಇರೋ ಎಷ್ಟೋ ಮನೇಲಿ ಇಂಥದ್ದೊಂದು ಇರುತ್ತೆ, ಬೆಳಗ್ಗೆ ಎದ್ದು ಮಳೆ ಎಷ್ಟು ಬಿದ್ದಿದೆ ಅಂತ ಅಳೆದು ಡೈರಿಲಿ ಬರ್ದಿಡ್ತಾರೆ, ಮಿಲಿಮೀಟರ್ ಗಿಲಿಮೀಟರ್ ಅಲ್ಲ, ಇಂಚು ಸೆಂಟು, ನೂರು ಸೆಂಟಿಗೆ ಒಂದಿಂಚು. ಅದನ್ನೆಲ್ಲ ತಿಂಗಳ ಲೆಕ್ಕದಲ್ಲಿ ಕೂಡ್ಸಿ ಶೀಟಿಗೆ ಹಾಕಿ ಕಲರ್ ಸ್ಕೇಲ್ ಕೊಟ್ಟಿದೀನಿ, ಮಳೆ ಇಲ್ದಿದ್ರೆ ಬಿಳಿ, ಜಾಸ್ತಿ ಆದಂಗೆ ನೀಲಿ, ತುದೀಲಿ ಕಡುನೀಲಿ. ದೂರದಿಂದ ನೋಡೋಕೆ ಸಖತ್ತಾಗಿದೆ. ದೊಡ್ಡಪ್ಪ ಕನ್ನಡಕ ಏರಿಸ್ಕೊಂಡು ನೋಡಿ ಕೇಳಿದ್ದು ಒಂದೇ, "ಜುಲೈ ಯಾಕೋ ಖಾಲಿ ಬಿಟ್ಟಿದ್ದೀಯ?"

ಖಾಲಿ ಇಲ್ಲ. ಜೂಮ್ ಮಾಡ್ತೀನಿ ನೋಡಿ, 52.40 ಅಂತ ಇದೆ, ಕಡುನೀಲಿ ಮೇಲೆ ಕಪ್ಪು ಅಕ್ಷರ. ಎಕ್ಸೆಲ್‌ನ ಕಲರ್ ಸ್ಕೇಲ್ ಸೆಲ್ಲಿನ ಹಿಂದಿನ ಬಣ್ಣ ಅಷ್ಟೇ ಬದಲಾಯ್ಸುತ್ತೆ, ಅಕ್ಷರದ ತಂಟೆಗೇ ಹೋಗಲ್ಲ. ಅದರಲ್ಲೇ ರೆಡಿ ಇರೋ ಕೆಂಪು ಹಳದಿ ಹಸಿರು ಸೆಟ್ ತಗೊಂಡ್ರೆ ಈ ತೊಂದ್ರೆ ಬರಲ್ಲ, ಆ ಮೂರೂ ತೆಳು ಬಣ್ಣ, ಕಪ್ಪು ಅಕ್ಷರ ಆರಾಮಾಗಿ ಕಾಣುತ್ತೆ. ಆದ್ರೆ ಕೆಂಪು ಹಸಿರು ವ್ಯತ್ಯಾಸ ಗೊತ್ತಾಗದೇ ಇರೋರು ಮನೇಲೇ ಒಬ್ರು ಇರಬಹುದು, ಮತ್ತೆ ಮಳೆಗೆ ಕೆಂಪು ಹಾಕೋದು ನಂಗಂತೂ ಹಿಡಿಸಲ್ಲ.

ಓದೋಕಾಗುತ್ತೋ ಇಲ್ವೋ ಅನ್ನೋದನ್ನ ಕಣ್ಣಂದಾಜಲ್ಲಿ ಹೇಳೋದೇ ಬೇಡ, ಅದಕ್ಕೊಂದು ಅಳತೆ ಇದೆ, ಕಾಂಟ್ರಾಸ್ಟ್ ರೇಷಿಯೋ, ಅಂದ್ರೆ ಅಕ್ಷರದ ಬಣ್ಣಕ್ಕೂ ಹಿಂದಿನ ಬಣ್ಣಕ್ಕೂ ಬೆಳಕಲ್ಲಿ ಎಷ್ಟು ವ್ಯತ್ಯಾಸ ಅನ್ನೋ ಲೆಕ್ಕ. ಬಿಳಿ ಮೇಲೆ ಕಪ್ಪಿಗೆ 21, ಅದೇ ಮ್ಯಾಕ್ಸಿಮಮ್. ವೆಬ್ ಪೇಜುಗಳಿಗೆ ಅಂತ ಇರೋ ಡಬ್ಲ್ಯೂಸಿಎಜಿ ನಿಯಮದಲ್ಲಿ ಮಾಮೂಲಿ ಸೈಜಿನ ಅಕ್ಷರಕ್ಕೆ ಕನಿಷ್ಠ 4.5 ಇರ್ಬೇಕು ಅಂತಾರೆ. ನನ್ನ ಕಡುನೀಲಿ ಮೇಲೆ ಕಪ್ಪು ಅಕ್ಷರಕ್ಕೆ ಬಂದಿದ್ದು 1.65. ಅದೇ ಜಾಗಕ್ಕೆ ಬಿಳಿ ಅಕ್ಷರ ಹಾಕಿದ್ರೆ 12ರ ಮೇಲೆ! ಇನ್ನೊಂದು ಮಜಾ ಏನಂದ್ರೆ ಹಿಂದೆ ಯಾವ ಬಣ್ಣನೇ ಇರ್ಲಿ, ಕಪ್ಪು ಬಿಳಿ ಎರಡರಲ್ಲಿ ಒಂದು 4.5 ದಾಟೇ ದಾಟುತ್ತೆ. ಆದ್ರೆ ಯಾವ್ದು ದಾಟುತ್ತೆ ಅನ್ನೋದ್ರಲ್ಲಿ ಕಣ್ಣು ಮೋಸ ಹೋಗುತ್ತೆ, ಅಚ್ಚ ಕೆಂಪು ಮೇಲೆ ಬಿಳಿನೇ ಚೆಂದ ಅನ್ಸುತ್ತಲ್ವಾ, ಲೆಕ್ಕ ಹಾಕಿದ್ರೆ ಬಿಳಿಗೆ 4, ಕಪ್ಪಿಗೆ 5.25.

ಸರಿ, ಬಿಳಿ ಅಕ್ಷರ ಎಲ್ಲಿಂದ ಶುರು ಮಾಡ್ಬೇಕು? ಬಿಳಿಯಿಂದ ನನ್ನ ಕಡುನೀಲಿವರೆಗಿನ ದಾರೀಲಿ ಸುಮಾರು ಮೂರರಲ್ಲಿ ಎರಡು ಭಾಗ ದಾಟಿದ್ಮೇಲೆ ಕಪ್ಪಿಗಿಂತ ಬಿಳಿ ಅಕ್ಷರ ಚೆನ್ನಾಗಿ ಕಾಣೋಕೆ ಶುರುವಾಗುತ್ತೆ. ಸ್ಕೇಲ್ 0ಯಿಂದ 60 ಇಂಚು ಅಂದ್ಕೊಂಡ್ರೆ 40. ಹಂಗಾಗಿ ಕಲರ್ ಸ್ಕೇಲ್ ಇರೋ ಕಂಡಿಷನಲ್ ಫಾರ್ಮ್ಯಾಟಿಂಗ್ ಮೆನುವಲ್ಲೇ ಇನ್ನೊಂದು ರೂಲ್, 40ಕ್ಕಿಂತ ಜಾಸ್ತಿ ಇದ್ರೆ ಫಾಂಟ್ ಬಿಳಿ, ಫಿಲ್ ಅಂದ್ರೆ ಹಿಂದಿನ ಬಣ್ಣ ಮುಟ್ಟಬೇಡಿ. ಎರಡೂ ರೂಲ್ ಜಗಳ ಇಲ್ದೆ ಒಟ್ಟಿಗೆ ಕೆಲಸ ಮಾಡ್ತವೆ.

ಇಲ್ಲೊಂದು ಗಮನಿಸಿ, ಇದು ಸುಮಾರು ಜನ ಬಿಟ್ಬಿಡೋದು. ಕಲರ್ ಸ್ಕೇಲಲ್ಲಿ ಮ್ಯಾಕ್ಸಿಮಮ್ ಅನ್ನೋ ಕಡೆ ಮೊದ್ಲೇ ಹೈಯೆಸ್ಟ್ ವ್ಯಾಲ್ಯೂ ಅಂತ ಇರುತ್ತೆ, ಅಂದ್ರೆ ಶೀಟಲ್ಲಿ ಅತಿ ದೊಡ್ಡದು ಯಾವ್ದೋ ಅದೇ ಕಡುನೀಲಿ. 2018ರ ಆಗಸ್ಟ್ ಗೊತ್ತಲ್ಲ, ಕೊಡಗಲ್ಲಿ ಗುಡ್ಡ ಕುಸಿದ ವರ್ಷ, ಅಂಥ ಒಂದು ತಿಂಗಳು ಶೀಟಿಗೆ ಬಿತ್ತು ಅಂದ್ರೆ ಸಾಕು ಉಳಿದ ತಿಂಗಳೆಲ್ಲ ಒಂದೇಟಿಗೆ ತೆಳು ಆಗ್ತವೆ, ಆದ್ರೆ ಬಿಳಿ ಅಕ್ಷರದ ರೂಲ್ ಮಾತ್ರ 40ರಲ್ಲೇ ಕೂತಿರುತ್ತೆ, ಈಗ ತೆಳುನೀಲಿ ಮೇಲೆ ಬಿಳಿ ನಂಬರು, ಹಾಲಲ್ಲಿ ಸುಣ್ಣದ ಚುಕ್ಕಿ ಹುಡುಕ್ದಂಗೆ. ಅದಕ್ಕೆ ಟೈಪ್ ಅನ್ನೋ ಜಾಗದಲ್ಲಿ ನಂಬರ್ ಆರಿಸ್ಕೊಂಡು ಕೆಳಗಡೆ 0, ಮೇಲ್ಗಡೆ 60 ಅಂತ ಕೈಯಾರೆ ಹಾಕಿ. 60 ದಾಟಿದ್ದೂ ಕಡುನೀಲಿನೇ ಆಗುತ್ತೆ, ಆಗ್ಲಿ ಬಿಡಿ.

ಇಷ್ಟೆಲ್ಲ ಹೇಳಿದ್ಮೇಲೂ ದೊಡ್ಡಪ್ಪನ ಶೀಟಿಗೆ ಬಿಳಿ ಅಕ್ಷರ ಬೇಡ ಅಂತ ತೆಗ್ದೆ. ಅವ್ರು ನೋಡೋದು ಮೊಬೈಲಲ್ಲಿ, ಅದೂ ಕಾಫಿ ಒಣಗ್ಸೋ ಕಣದಲ್ಲಿ ಬಿಸಿಲಿಗೆ ನಿಂತ್ಕೊಂಡು, ಅಲ್ಲಿ ಗಾಢ ಬಣ್ಣ ಕನ್ನಡಿ ಥರ ಮುಖ ತೋರ್ಸುತ್ತೆ ಹೊರತು ನಂಬರ್ ತೋರ್ಸಲ್ಲ. ಅದಕ್ಕೆ ತುದಿ ಬಣ್ಣನೇ ಆಕಾಶನೀಲಿಗೆ ಇಳಿಸಿದೆ, ಕಪ್ಪು ಅಕ್ಷರಕ್ಕೆ 8.6 ಸಿಗುತ್ತೆ, ಎರಡನೇ ರೂಲೇ ಬೇಕಾಗಿಲ್ಲ. ನನ್ನ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಶೀಟಿಗೆ ಇದೇ ಸಾಕು.

ಆಮೇಲೆ ಮಾರ್ಚ್. ಬೆಳೆಗಾರ್ರಿಗೆ ಜುಲೈ 50 ಇಂಚಿಗಿಂತ ಮಾರ್ಚ್ ಏಪ್ರಿಲ್‌ನ ಒಂದಿಂಚು ಹೂಮಳೆ ದೊಡ್ಡದು, ಅದು ಬಿದ್ರೇನೇ ಕಾಫಿ ಹೂ ಬಿಡೋದು. 60ರ ಸ್ಕೇಲಲ್ಲಿ 1.10ಕ್ಕೆ ಏನ್ ಬಣ್ಣ ಬರುತ್ತೆ, ಬಿಳಿನೇ. ಹಂಗಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಕಾಲಂಗಳಿಗೆ ಬೇರೆ ಸ್ಕೇಲ್, 0ಯಿಂದ 3, ತೆಳು ಕಿತ್ತಳೆ. ದೊಡ್ಡಪ್ಪ ಈಗ ಮೊದ್ಲು ನೋಡೋದೇ ಆ ಮೂರು ಕಾಲಂ.

ಶೀಟ್ ಲಿಂಕ್ ಕೆಳಗಡೆ ಹಾಕಿರ್ತೀನಿ. 60 ಅನ್ನೋ ಕಡೆ ನಿಮ್ಮೂರಿನ ನಂಬರ್ ಹಾಕ್ಕೊಳ್ಳಿ, ಚಳ್ಳಕೆರೆ ಕಡೆಯೋರಾದ್ರೆ 10 ಧಾರಾಳ ಆಯ್ತು, ಕಡುನೀಲಿನೇ ಬೇಕು ಅನ್ನೋರು ಬಿಳಿ ಅಕ್ಷರದ 40 ತೆಗ್ದು ಆರೂವರೆ ಅಥ್ವಾ ಏಳು ಮಾಡ್ಕೊಳ್ಳೋದು ಮರೀಬೇಡಿ.