‘ಸಂಸ್ಕಾರ’ ನೋಡಿ ಎರಡಾದ ಸಭೆ

ಎಲ್ಲರಿಗೂ ನಮಸ್ಕಾರ.

ನಿನ್ನೆ ಇಲ್ಲಿ ‘ಸಂಸ್ಕಾರ’ ಚಿತ್ರ ಮುಗಿದ ಮೇಲೆ ಶುರುವಾದ ವಾದ ಗೇಟು ದಾಟಿ ರಸ್ತೆಯವರೆಗೂ ಹೋಯಿತು. ನಿವೃತ್ತ ಅಧ್ಯಾಪಕರೊಬ್ಬರು ನನ್ನ ಕೈ ಹಿಡಿದು, “ಅಷ್ಟು ದೊಡ್ಡ ಅಗ್ರಹಾರದಲ್ಲಿ ಒಬ್ಬನಾದರೂ ಮರ್ಯಾದಸ್ಥ ಇರಲಿಲ್ಲವಾ ಮಾಷ್ಟ್ರೇ?” ಎಂದು ಕೇಳಿದರು. ಅವರಿಗೆ ನಿಜವಾಗಿಯೂ ನೋವಾಗಿತ್ತು. ಅವರ ಪಕ್ಕದಲ್ಲೇ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು, ಚಿತ್ರ ಬೈದದ್ದು ಸಾಲದು, ಕಥೆಯ ನಾಯಕಿ ಚಂದ್ರಿಗೆ ಇನ್ನೂ ಅನ್ಯಾಯವಾಗಿದೆ ಎಂದಳು. ಇಬ್ಬರೂ ಒಂದೇ ಚಿತ್ರವನ್ನು ಒಂದೇ ಸಾಲಿನಲ್ಲಿ ಕುಳಿತು ನೋಡಿದವರು. ಇವತ್ತು ನಾನು ಮಾತಾಡಬೇಕೆಂದಿರುವುದು ಅವರಿಬ್ಬರ ಬಗ್ಗೆಯೇ.

ಈ ಜಗಳ ಹಳೆಯದು. ಅನಂತಮೂರ್ತಿಯವರ ಕಾದಂಬರಿ 1965ರಲ್ಲಿ ಬಂದಾಗಲೇ, ಇದು ಮಾಧ್ವ ಬ್ರಾಹ್ಮಣರ ನಿಂದನೆ ಎಂದವರಿದ್ದರು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಸಿನಿಮಾ ಮಾಡಿದರು. ಚಿತ್ರಕಥೆ ಗಿರೀಶ ಕಾರ್ನಾಡರದು, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನಾಗಿ ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು. ಕೇಂದ್ರ ಸರ್ಕಾರದ ಮಟ್ಟದಲ್ಲಿ ಆ ತಡೆ ತೆರವಾಗಿ, ಅದೇ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ಬಂದದ್ದು ಅದೇ ಮೊದಲು. ಪ್ರಶಸ್ತಿ ಬಂದ ಮಾತ್ರಕ್ಕೆ ಅಧ್ಯಾಪಕರ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಅವರ ಪ್ರಶ್ನೆಗೆ ಬೇರೆಯೇ ಕಾರಣವಿದೆ.

ಕಾದಂಬರಿಯ ನಡುವೆ ಒಂದು ಹೆಣವಿದೆ. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಜ್ವರ, ಗಡ್ಡೆ ಬಂದು ಸಾಯುತ್ತಾನೆ. ಹೆಂಡ ಕುಡಿದವನು, ಮಾಂಸ ತಿಂದವನು, ಕುಂದಾಪುರದ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು. ಆದರೆ ಬಹಿಷ್ಕಾರ ಆಗಿರಲಿಲ್ಲ, ಆದ್ದರಿಂದ ಸತ್ತಾಗಲೂ ಬ್ರಾಹ್ಮಣನೇ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಚಂದ್ರಿ ಮೈಮೇಲಿನ ಬಂಗಾರ ಬಿಚ್ಚಿ ಮುಂದಿಟ್ಟಾಗ, ಅಷ್ಟು ಹೊತ್ತು ‘ನಾನೊಲ್ಲೆ’ ಎಂದವರಿಗೆಲ್ಲ ಸಂಸ್ಕಾರ ಮಾಡುವ ಹಕ್ಕು ತಮ್ಮದೆಂದು ನೆನಪಾಗುತ್ತದೆ. ಆಚಾರ್ಯರು ಓಲೆಗರಿಗಳನ್ನು ಮಗುಚುತ್ತಾರೆ, ಮಾರುತಿಯ ಪ್ರಸಾದಕ್ಕೆ ಕಾಯುತ್ತಾರೆ, ಹೂ ಬೀಳುವುದಿಲ್ಲ. ಹಾಗೆ ಮರಳುವ ರಾತ್ರಿ ಕಾಡಿನಲ್ಲಿ ಚಂದ್ರಿಯನ್ನು ಕೂಡುತ್ತಾರೆ.

ಇನ್ನು ನಮ್ಮ ಊರಿನವರು ಗಮನಿಸಲೇಬೇಕಾದ ಜಾಗ. ಹೆಣವನ್ನು ಕೊನೆಗೆ ಸುಡಿಸುವುದು ಯಾರು? ಅಹಮದ್ ಬ್ಯಾರಿ. ಮೀನಿನ ವ್ಯಾಪಾರಿ, ಕರಾವಳಿಯ ಮುಸ್ಲಿಮ. ಹಿಂದೊಮ್ಮೆ ನಾರಣಪ್ಪ ಅವನಿಗೆ ಎತ್ತು ಕೊಳ್ಳಲು ಸಾಲ ಕೊಟ್ಟಿದ್ದ. ಆ ಋಣ ನೆನೆದು ಅವನು ರಾತ್ರಿ ಗಾಡಿ ತಂದು, ಸೌದೆ ಹೇರಿ, ಚಂದ್ರಿಯ ಜೊತೆ ನಿಂತು ಕೆಲಸ ಮುಗಿಸುತ್ತಾನೆ. ಅಗ್ರಹಾರಕ್ಕೆ ಅದು ಗೊತ್ತೇ ಇಲ್ಲ. ಮುಗಿದು ಹೋದ ಸಂಸ್ಕಾರಕ್ಕಾಗಿ ಬ್ರಾಹ್ಮಣರು ಇನ್ನೂ ಅಗ್ರಹಾರದಿಂದ ಅಗ್ರಹಾರಕ್ಕೆ, ಕೊನೆಗೆ ಮಠಕ್ಕೆ ಅಲೆಯುತ್ತಿರುತ್ತಾರೆ. ಬ್ಯಾರಿಗಳ ಜೊತೆ ಒಂದೇ ಪೇಟೆಯಲ್ಲಿ ಬದುಕುವ ನಮಗೆ ಈ ಅರ್ಧ ಪುಟ ಎಷ್ಟು ದೊಡ್ಡದು! ನಿನ್ನೆಯ ಚರ್ಚೆಯಲ್ಲಿ ಯಾರೂ ಇದನ್ನು ಎತ್ತಲಿಲ್ಲ ಎಂಬುದು ನನಗೆ ಬೇಸರದ ವಿಷಯ.

ಅಧ್ಯಾಪಕರ ಮಾತಿಗೆ ಬರುತ್ತೇನೆ. ಓದುವಾಗ ನಾವು ಹೆಚ್ಚು ಹೊತ್ತು ಇರುವುದು ಆಚಾರ್ಯರ ಮನಸ್ಸಿನೊಳಗೆ. ರೋಗಿ ಹೆಂಡತಿಯ ಸೇವೆಯನ್ನೇ ತಪಸ್ಸೆಂದು ನಂಬಿದ ಮನುಷ್ಯ, ಅದರಲ್ಲಿ ತನ್ನ ಅಹಂಕಾರವೂ ಇತ್ತೇ ಎಂದು ತನ್ನನ್ನೇ ಹರಿದು ನೋಡಿಕೊಳ್ಳುತ್ತಾನೆ. ಸೂತಕದಲ್ಲಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಅವನ ಎದೆ ಹೊಡೆದುಕೊಳ್ಳುವುದು ನಮಗೆ ಕೇಳಿಸುತ್ತದೆ. ಅಷ್ಟು ಪ್ರಾಮಾಣಿಕವಾಗಿ ತನ್ನನ್ನು ವಿಚಾರಣೆಗೆ ಒಡ್ಡಿಕೊಳ್ಳುವ ಬ್ರಾಹ್ಮಣನೊಬ್ಬ ಇದ್ದಾನಲ್ಲ, ಮರ್ಯಾದಸ್ಥ ಎಂದರೆ ಅವನೇ. ಕ್ಯಾಮೆರಾಕ್ಕೆ ಆ ಒಳಮಾತು ಸಿಗುವುದು ಕಷ್ಟ. ಅದಕ್ಕೆ ಸಿಗುವುದು ಮುಖಗಳು, ಜುಟ್ಟು, ಹಸಿವು, ಬಂಗಾರದ ಮೇಲೆ ಬಿದ್ದ ಕಣ್ಣು. ಒಬ್ಬನ ಆತ್ಮವಿಚಾರಣೆ ಪರದೆಯ ಮೇಲೆ ಊರಿನ ವಿಚಾರಣೆಯಾಗಿ ಕಾಣುತ್ತದೆ. ಹಾಗಾಗಿ ಅಧ್ಯಾಪಕರು ಇಲ್ಲದ್ದನ್ನು ಕಂಡರು ಎಂದು ನಾನು ಹೇಳಲಾರೆ. ಆದರೆ ಸಿಟ್ಟಿನಲ್ಲೇ ನಿಲ್ಲದೆ ಪುಸ್ತಕವನ್ನೊಮ್ಮೆ ಓದಿ ಎಂದು ಅವರಲ್ಲಿ ಕೈಮುಗಿದು ಕೇಳುತ್ತೇನೆ.

ಹುಡುಗಿಯ ವಿಷಯದಲ್ಲಿ ಮಾತ್ರ ನಾನು ಚಿತ್ರದ ಪರ. ಕಾದಂಬರಿಯ ಚಂದ್ರಿಯನ್ನು ನಾವು ಬಹುಮಟ್ಟಿಗೆ ಗಂಡಸರ ಕಣ್ಣಿನಿಂದ ಕಾಣುತ್ತೇವೆ: ಆಚಾರ್ಯರಿಗೆ ಅವಳು ತಿರುವು, ಉಳಿದವರಿಗೆ ಆಸೆ. ಸ್ನೇಹಲತಾ ರೆಡ್ಡಿ ಪರದೆಯ ಮೇಲೆ ಬಂದು ಕೂತ ಕೂಡಲೇ ಅವಳು ಯಾರ ಕಲ್ಪನೆಯೂ ಅಲ್ಲ, ಸತ್ತವನಿಗಾಗಿ ದುಃಖಿಸುವ ಹೆಂಗಸು. ಇಡೀ ಅಗ್ರಹಾರದಲ್ಲಿ ಹೆಣದ ಬಗ್ಗೆ ಯೋಚಿಸದೆ ಮನುಷ್ಯನ ಬಗ್ಗೆ ಯೋಚಿಸಿದವಳು ಅವಳೊಬ್ಬಳೇ.

ಇಂಥ ಜಗಳ ನಮ್ಮ ಚಂದ್ರಗಿರಿ ಹೊಳೆಯ ದಂಡೆಗೂ ಬಂದಿತ್ತು. ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದಾಗ ಅವರ ಸಮುದಾಯದ ಒಳಗೇ ವಿರೋಧ ಎದ್ದಿತು. ಅಪ್ಪನ ಹಟಕ್ಕೆ ತಲಾಕ್ ಆಗಿ, ಗಂಡನ ಬಳಿ ಮರಳಬೇಕಾದರೆ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಬೇಕಾದ ನಾದಿರಾಳ ಕಥೆ ಅದು. ಬ್ಯಾರಿ ಭಾಷೆಯ 2011ರ ‘ಬ್ಯಾರಿ’ ಚಿತ್ರಕ್ಕೂ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು, ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡು. ಅದು ತನ್ನ ಕಾದಂಬರಿಯನ್ನೇ ಅನುಮತಿಯಿಲ್ಲದೆ ಬಳಸಿದೆ ಎಂದು ಸಾರಾ ನ್ಯಾಯಾಲಯಕ್ಕೆ ಹೋದರು, ಮಂಗಳೂರಿನ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ತನ್ನವರ ಸಿಟ್ಟನ್ನು ಒಂಟಿಯಾಗಿ ಎದುರಿಸಿ ಬರೆದವರು ತನ್ನ ಕೃತಿಗಾಗಿ ಮತ್ತೆ ಹೋರಾಡಬೇಕಾಯಿತು.

ಅನಂತಮೂರ್ತಿ ಬ್ರಾಹ್ಮಣರ ಬಗ್ಗೆ ಬರೆದದ್ದು, ಸಾರಾ ಮುಸ್ಲಿಮರ ಬಗ್ಗೆ ಬರೆದದ್ದು ಹೊರಗಿನಿಂದ ಕಲ್ಲು ಹೊಡೆಯಲು ಅಲ್ಲ. ಇಬ್ಬರೂ ಹುಟ್ಟಿದ ಮನೆಯೊಳಗೇ ನಿಂತು ಕೇಳಿದವರು. ನಾರಣಪ್ಪನ ಅಗ್ರಹಾರ ನೋಡಿ ಚಪ್ಪಾಳೆ ತಟ್ಟಿ, ನಾದಿರಾಳ ಮನೆಯ ವಿಷಯ ಬಂದಾಗ ಮುಖ ತಿರುಗಿಸುವವರನ್ನು ನಾನು ಕಂಡಿದ್ದೇನೆ, ಅದರ ತಿರುವುಮುರುವಾದವರನ್ನೂ ಕಂಡಿದ್ದೇನೆ. ಹಾಗೆ ನೋಡುವವರೊಂದಿಗೆ ನನಗೆ ಸ್ಪಷ್ಟವಾದ ಜಗಳವಿದೆ. ನಿನ್ನೆಯ ಅಧ್ಯಾಪಕರೊಂದಿಗೆ ಇಲ್ಲ. ಮುಂದಿನ ಬಾರಿ ಇಲ್ಲಿ ಸಾರಾ ಅವರ ಕಾದಂಬರಿಯನ್ನು ಓದೋಣ, ಹೊಳೆಯ ಆಚೆ ಈಚೆ ದಂಡೆಯವರನ್ನೆಲ್ಲ ಕರೆಯೋಣ.