ತಪ್ಪುವುದು ಕ್ರಿಯಾಪದದಲ್ಲಿ

ಎಲ್ಲರಿಗೂ ನಮಸ್ಕಾರ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬಗ್ಗೆ ಬರೆಯುವವರು ಮೊದಲು ಕೇಳುವುದು ‘ಯಾವ ಹೆಸರಿನಿಂದ ಕರೆಯಬೇಕು’ ಎಂದು. ಕನ್ನಡದಲ್ಲಿ ಎಡವುವುದು ಹೆಚ್ಚಾಗಿ ಅಲ್ಲಲ್ಲ, ಕ್ರಿಯಾಪದದಲ್ಲಿ. ಮೊದಲ ಸಾಲಿನಲ್ಲಿ ‘ಟ್ರಾನ್ಸ್ ಮಹಿಳೆ’ ಎಂದು ಸರಿಯಾಗಿಯೇ ಬರೆದಿರುತ್ತಾರೆ, ಮೂರನೇ ಸಾಲಿಗೆ ಬರುವಷ್ಟರಲ್ಲಿ ‘ದೂರು ಕೊಟ್ಟವನು’ ಎಂದಾಗಿರುತ್ತದೆ. ಕರಡು ತಿದ್ದುವಾಗ ‘ಅವನು’, ‘ಅವಳು’ ಹುಡುಕಿದರೆ ಸಾಲದು. ‘ಅವನಿಗೆ’, ‘ಓದುತ್ತಿದ್ದಾನೆ’, ‘ಬಂದವನು’ ಇಂಥ ರೂಪಗಳನ್ನೂ ಒಂದೊಂದಾಗಿ ನೋಡಬೇಕು.

‘ಅವರು’ ನಮ್ಮ ಭಾಷೆಯ ದೊಡ್ಡ ಅನುಕೂಲ. ಮರ್ಯಾದೆಯೂ ಇದೆ, ಲಿಂಗದ ಗುರುತೂ ಇಲ್ಲ. ವ್ಯಕ್ತಿಯನ್ನೇ ಕೇಳಲು ಆಗದಿದ್ದಾಗ ಅದನ್ನೇ ಬಳಸಿ. ಆದರೆ ಬರಹದಲ್ಲಿ ಉಳಿದ ಹೆಂಗಸರೆಲ್ಲ ‘ಅವಳು’ ಆಗಿ, ಟ್ರಾನ್ಸ್ ಮಹಿಳೆ ಒಬ್ಬರೇ ‘ಅವರು’ ಆದರೆ ಅದನ್ನು ಗೌರವ ಎನ್ನಲಾಗದು. ಹೆಣ್ಣೆಂದು ಒಪ್ಪದೆ ಜಾರಿಕೊಂಡಂತಾಗುತ್ತದೆ. ‘ಅದು’, ‘ಇದು’ ಎನ್ನುವುದಂತೂ ಶುದ್ಧ ಅವಮಾನ.

ಇನ್ನು ನಾಮಪದಗಳು. ಹುಟ್ಟಿದಾಗ ಗಂಡೆಂದು ದಾಖಲಾದರೂ ತನ್ನನ್ನು ಹೆಣ್ಣೆಂದೇ ಅರಿತವರು ಟ್ರಾನ್ಸ್ ಮಹಿಳೆ. ಹೆಣ್ಣೆಂದು ದಾಖಲಾದ ಗಂಡು ಟ್ರಾನ್ಸ್ ಪುರುಷ. ಎರಡರಲ್ಲೂ ಸೇರದವರೂ ಇದ್ದಾರೆ. ‘ಮಂಗಳಮುಖಿ’ ಎಂಬುದನ್ನು ಎಲ್ಲರಿಗೂ ಅಂಟಿಸುವ ರೂಢಿ ನಮ್ಮ ಸುದ್ದಿಮನೆಗಳಲ್ಲಿದೆ. ಟ್ರಾನ್ಸ್ ಪುರುಷರಿಗೆ ಅದು ಹೊಂದುವುದೇ ಇಲ್ಲ. ಹಿಜ್ರಾ, ಜೋಗಪ್ಪ ಎಂಬವು ತಮ್ಮದೇ ಪರಂಪರೆ ಇರುವ ಸಮುದಾಯಗಳ ಹೆಸರು. ತಾವು ಆ ಸಮುದಾಯದವರು ಎಂದು ಅವರೇ ಹೇಳಿದರೆ ಬರೆಯಿರಿ, ನೀವಾಗಿ ಊಹಿಸಬೇಡಿ. ಅಂತರಲಿಂಗಿ ಎಂಬುದು ಬೇರೆಯೇ ವಿಷಯ: ಅದು ಹುಟ್ಟಿನಿಂದ ಬಂದ, ಗಂಡು-ಹೆಣ್ಣೆಂಬ ಸಾಮಾನ್ಯ ವಿಂಗಡಣೆಗೆ ಪೂರ್ತಿ ಹೊಂದದ ದೇಹಲಕ್ಷಣಗಳಿಗೆ ಸಂಬಂಧಿಸಿದ್ದು.

‘ಗಂಡಾಗಿದ್ದವ ಹೆಣ್ಣಾದ’ ಎಂಬ ಶೀರ್ಷಿಕೆ ಈಗಲೂ ಕಾಣುತ್ತದೆ. ಶಸ್ತ್ರಚಿಕಿತ್ಸೆಯೇ ವ್ಯಕ್ತಿಯನ್ನು ಹೆಣ್ಣಾಗಿಸಿತು ಎಂಬ ತಪ್ಪು ಕಲ್ಪನೆ ಅದರ ಹಿಂದಿದೆ. ಎಲ್ಲರೂ ಚಿಕಿತ್ಸೆ ಮಾಡಿಸಿಕೊಳ್ಳುವುದಿಲ್ಲ, ಮಾಡಿಸಿಕೊಂಡರೂ ಅದು ಅವರ ಖಾಸಗಿ ವಿಷಯ. ‘ಕಾಯಿಲೆ’, ‘ವಿಕೃತಿ’ ಪದಗಳಿಗೆ ವೈದ್ಯಶಾಸ್ತ್ರದ ಆಸರೆಯೂ ಈಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ತಂದ ಐಸಿಡಿ-11 (ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣ) ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ.

ಮಾತಾಡುವಾಗ ಬಾಯಿತಪ್ಪಿ ‘ಬಂದಿದ್ದ’ ಎಂದುಬಿಟ್ಟರೆ, ‘ಕ್ಷಮಿಸಿ, ಬಂದಿದ್ದಳು’ ಎಂದು ಅಲ್ಲೇ ತಿದ್ದಿಕೊಂಡು ಮಾತು ಮುಂದುವರಿಸಿ. ಐದು ನಿಮಿಷ ಕ್ಷಮೆ ಕೇಳುತ್ತಾ ಕೂತರೆ, ನೊಂದವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಹಳೆಯ ಹೆಸರನ್ನು ಆವರಣದೊಳಗೂ ಹಾಕಬೇಡಿ. ದಾಖಲೆಯಲ್ಲಿ ಅದೇ ಇದೆ ಎಂಬುದು ಪ್ರಕಟಿಸಲು ಕಾರಣವಾಗದು. ಹೊಸ ಹೆಸರನ್ನು ಹಾಕುವ ಮೊದಲೂ ಒಂದು ಮಾತು ಕೇಳಿ: ‘ಈ ಹೆಸರು ಅಚ್ಚಾದರೆ ನಿಮಗೇನೂ ತೊಂದರೆಯಿಲ್ಲವೇ?’ ಗೆಳೆಯರ ನಡುವೆ ಬಳಸುವ ಹೆಸರು ಮನೆಯವರಿಗೆ, ಬಾಡಿಗೆ ಮನೆಯ ಮಾಲೀಕರಿಗೆ, ಕೆಲಸ ಕೊಟ್ಟವರಿಗೆ ಗೊತ್ತಿಲ್ಲದಿರಬಹುದು. ಒಂದು ಫೋಟೋ, ಒಂದು ಊರಿನ ಹೆಸರು ಸಾಕು, ಇರುವ ಸೂರು ಹೋಗಬಹುದು. ಬೇಡ ಎಂದರೆ ಹೆಸರು ಬದಲಿಸಿ ಬರೆಯಿರಿ. ಕಳಿಸುವ ಮುನ್ನ ಅವರಿಗೆ ಸಂಬಂಧಿಸಿದ ಸಾಲುಗಳನ್ನು ಅವರಿಗೇ ಓದಿ ಹೇಳಿ.