ಕಿಟೆಲ್ ಹುಟ್ಟಿದ ಊರು, ಸಮುದ್ರದ ಬಾಗಿಲು

ಕೇಳುಗರಿಗೆಲ್ಲ ನಮಸ್ಕಾರ. ಕಿಟೆಲ್ ಯಾರು ಅಂತ ಕೇಳಿದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು, ನಿಘಂಟು ಮಾಡಿದೋರು, ಜರ್ಮನಿಯೋರು, ಧಾರವಾಡ ಮಂಗಳೂರು ಮಡಿಕೇರಿ ಎಲ್ಲಾ ಕಡೆ ಇದ್ದೋರು. ಸರಿ, ಜರ್ಮನಿಯಲ್ಲಿ ಯಾವ ಊರು ಸ್ವಾಮಿ ಅಂದ್ರೆ ಸುಮ್ನಾಗ್ತಾರೆ. ಭೂಗೋಳ ಪಾಠ ಮಾಡಿದ ನನ್ನಂಥೋನಿಗೆ ಇದು ಸ್ವಲ್ಪ ಕಿರಿಕಿರಿ. ಅದಕ್ಕೇ ಇವತ್ತು ನಿಘಂಟಿನ ಬಗ್ಗೆ ಮಾತಾಡಲ್ಲ, ಅದರ ಬಗ್ಗೆ ಮಾತಾಡೋರು ಬೇಕಾದಷ್ಟಿದ್ದಾರೆ, ನಾನು ಊರಿನ ಬಗ್ಗೆ ಮಾತಾಡ್ತೀನಿ.

ಜರ್ಮನಿ ಮ್ಯಾಪ್ ಮನಸ್ಸಲ್ಲಿ ತಂದ್ಕೊಳ್ಳಿ. ಎಡಗಡೆ ಮೇಲಿನ ಮೂಲೆ, ಹಾಲೆಂಡ್ ಪಕ್ಕ, ಉತ್ತರ ಸಮುದ್ರದ ದಂಡೆ. ಅದಕ್ಕೆ ಪೂರ್ವ ಫ್ರೀಸ್‌ಲ್ಯಾಂಡ್ ಅಂತಾರೆ. ಅಲ್ಲಿ ಔರಿಖ್ ಅಂತ ಜಿಲ್ಲೆ, ಆ ಜಿಲ್ಲೆಯಲ್ಲಿ ಡೋರ್ನುಮ್ ಅಂತ ಒಂದು ಪಂಚಾಯ್ತಿ. ಹಳ್ಳಿ ಹಳ್ಳಿ ಸೇರಿಸಿದ್ರೂ ಜನ ಸುಮಾರು 4,500, ನಮ್ಮ ಕಡೆ ಒಂದು ದೊಡ್ಡ ಜಾತ್ರೆಗೆ ಇದಕ್ಕಿಂತ ಜಾಸ್ತಿ ಜನ ಬರ್ತಾರೆ. ಆ ಡೋರ್ನುಮ್‌ಗೆ ಅಂಟ್ಕೊಂಡ ಹಾಗೆ ರೆಸ್ಟರ್ಹಾಫೆ ಅಂತ ಪುಟ್ಟ ಹಳ್ಳಿ, ಒಂದು ಇಟ್ಟಿಗೆ ಚರ್ಚು, ನಾಕು ಮನೆ. 1832ರ ಏಪ್ರಿಲ್‌ನಲ್ಲಿ ಅಲ್ಲಿನ ಪಾದ್ರಿ ಮನೇಲಿ ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು. ಆಗ ಅದು ಹ್ಯಾನೋವರ್ ರಾಜ್ಯ. ಇಪ್ಪತ್ತೊಂದು ವರ್ಷಕ್ಕೇ, 1853ರಲ್ಲಿ, ನಮ್ಮ ಕಡೆ ಬಂದ್ರು, ಅಷ್ಟು ಸಾಕು, ಅವರನ್ನ ಇಲ್ಲಿಗೆ ಬಿಡೋಣ.

ಈಗ ಒಂದು ಮಾತು ಹೇಳ್ತೀನಿ, ಆಮೇಲೂ ಹೇಳ್ತಾನೇ ಇರ್ತೀನಿ, ಬೇಜಾರ್ ಮಾಡ್ಕೋಬೇಡಿ. ಡೋರ್ನುಮ್ ಇರೋದು ನೀರನ್ನ ಹೊರಗೆ ಹಾಕೋದ್ರಿಂದ. ನೀರು ಹೊರಗೆ ಹಾಕೋದು ನಿಂತ್ರೆ ಆ ಊರಿಲ್ಲ. ಕೋಟೆ, ಚರ್ಚು, ಅರಮನೆ ಎಲ್ಲಾ ಆಮೇಲೆ.

ಯಾಕೆ ಅಂದ್ರೆ ಆ ಕರಾವಳಿ ಬಂಡೆ ಬೆಟ್ಟದ ಕರಾವಳಿ ಅಲ್ಲ, ಕೆಸರಿನ ಕರಾವಳಿ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. ಇಳಿದಾಗ ನೀರು ಕಿಲೋಮೀಟರ್‌ಗಟ್ಟಲೆ ಹಿಂದೆ ಹೋಗಿ ಬರೀ ಕೆಸರಿನ ಬಯಲು ಕಾಣುತ್ತೆ, ಗೈಡ್ ಜೊತೆ ಬರಿಗಾಲಲ್ಲಿ ನಡ್ಕೊಂಡು ಎದುರಿನ ಬಾಲ್ಟ್ರುಮ್ ದ್ವೀಪಕ್ಕೇ ಹೋಗಬಹುದು. ಗೈಡ್ ಇಲ್ದೇ ಹೋಗೋಕೆ ಹೋಗ್ಬೇಡಿ, ನೀರು ವಾಪಸ್ ಬರುವಾಗ ಹಿಂದಿನ ಕಾಲುವೆಗಳು ಮೊದಲು ತುಂಬುತ್ತವೆ, ನೀವು ಮಧ್ಯದಲ್ಲಿ ಸಿಕ್ಕಾಕೊಳ್ತೀರ. ಈ ಕೆಸರಿನ ಬಯಲನ್ನ 1986ರಲ್ಲಿ ನ್ಯಾಷನಲ್ ಪಾರ್ಕ್ ಮಾಡಿದ್ರು, 2009ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಹಿಂದೆ ಸಮುದ್ರ ತಡೆಯೋ ಮಣ್ಣಿನ ಏರಿ ಗೀರಿ ಏನೂ ಇರ್ಲಿಲ್ಲ. ಜನ ಮಣ್ಣು ಗೊಬ್ಬರ ಗುಡ್ಡೆ ಹಾಕಿ ದಿಬ್ಬ ಮಾಡಿ ಅದರ ಮೇಲೆ ಮನೆ ಕಟ್ಕೊಂಡ್ರು. ಪ್ಲಿನಿ ಅಂತ ರೋಮ್‌ನೋನು, ಕ್ರಿ.ಶ. ಒಂದನೇ ಶತಮಾನದಲ್ಲಿ ಈ ಕರಾವಳಿ ನೋಡಿ ಬರೆದಿಟ್ಟಿದ್ದಾನೆ, ಇದು ನೆಲವೋ ಸಮುದ್ರವೋ ಹೇಳೋಕಾಗಲ್ಲ, ನೀರು ಬಂದಾಗ ಇವರು ಹಡಗಲ್ಲಿ ಇರೋರ ಥರ, ನೀರು ಹೋದಾಗ ಹಡಗು ಒಡೆದೋರ ಥರ, ದನ ಇಲ್ಲ ಹಾಲಿಲ್ಲ, ಕೆಸರನ್ನ ಒಣಗಿಸಿ ಅದನ್ನೇ ಉರಿಸಿ ಅಡುಗೆ ಮಾಡ್ತಾರೆ, ಕುಡಿಯೋಕೆ ಮಳೆನೀರೇ ಗತಿ ಅಂತ. ಇಂಥೋರೂ ರೋಮ್ ನಮ್ಮನ್ನ ಗೆದ್ರೆ ಗುಲಾಮಗಿರಿ ಅಂತಾರಲ್ಲ ಅಂತ ಅವನಿಗೆ ಆಶ್ಚರ್ಯ ಬೇರೆ. ಅವನ ಮೂಗು ಮುರಿಯೋದನ್ನ ಬಿಡಿ, ನೋಡಿದ್ದನ್ನ ಚೆನ್ನಾಗಿ ನೋಡಿದ್ದಾನೆ. ಇವತ್ತೂ ಡೋರ್ನುಮ್‌ನ ಹಳೇ ಚರ್ಚು ಅಂಥ ದಿಬ್ಬದ ಮೇಲೇ ಇದೆ.

ಆಮೇಲೆ ಸುಮಾರು ಸಾವಿರ ವರ್ಷದ ಹಿಂದೆ ಏರಿ ಹಾಕೋಕೆ ಶುರು ಮಾಡಿದ್ರು. ಮೊದಲು ಒಂದು ಹೊಲಕ್ಕೆ, ಆಮೇಲೆ ಒಂದು ಊರಿಗೆ, ಹದಿಮೂರನೇ ಶತಮಾನದ ಹೊತ್ತಿಗೆ ಕರಾವಳಿ ಉದ್ದಕ್ಕೂ ಒಂದೇ ಏರಿ. ಸಮುದ್ರ ತಡೆದಾಯ್ತು, ಮುಗೀತಾ? ಇಲ್ಲ. ಏರಿ ಹಾಕಿದ್ರೆ ಸಮುದ್ರದ ನೀರು ಒಳಗೆ ಬರಲ್ಲ ನಿಜ, ಆದ್ರೆ ಒಳಗೆ ಬಿದ್ದ ಮಳೆನೀರು ಎಲ್ಲಿಗೆ ಹೋಗ್ಬೇಕು? ಇದನ್ನ ಯಾರೂ ಕೇಳಲ್ಲ, ನೋಡಿ. ಅದಕ್ಕೆ ಏರಿಯಲ್ಲಿ ತೂಬು. ತೂಬಿಗೆ ಎರಡು ರೆಕ್ಕೆಯ ಮರದ ಬಾಗಿಲು, ಸಮುದ್ರದ ಕಡೆಗೆ ತೆರೆಯೋ ಹಾಗೆ ಇಟ್ಟಿರ್ತಾರೆ. ಸಮುದ್ರ ಇಳಿದಾಗ ಒಳಗಿನ ನೀರು ಒತ್ತಿ ಬಾಗಿಲು ತಾನೇ ತೆರೆಯುತ್ತೆ, ನೀರು ಹೊರಗೆ ಹೋಗುತ್ತೆ. ಸಮುದ್ರ ಏರಿದಾಗ ಹೊರಗಿನ ನೀರೇ ಬಾಗಿಲನ್ನ ದಬ್ಬಿ ಮುಚ್ಚುತ್ತೆ. ಕರೆಂಟ್ ಬೇಡ, ಆಳು ಬೇಡ, ದಿನಕ್ಕೆ ಎರಡು ಸಲ ತಾನೇ ತೆರೆದು ತಾನೇ ಮುಚ್ಚೋದು. ನಮ್ಮ ಕುಮಟಾ ಕಡೆ ಅಘನಾಶಿನಿ ಹಿನ್ನೀರಲ್ಲಿ ಏರಿ ತೂಬು ಇಟ್ಟು ಕಗ್ಗ ಭತ್ತ ಬೆಳೆಯೋ ಗಜನಿ ಭೂಮಿ ನೋಡಿದೋರಿಗೆ ಇದನ್ನ ಜಾಸ್ತಿ ವಿವರಿಸ್ಬೇಕಾಗಿಲ್ಲ. ಆ ತೂಬಿನ ಪಕ್ಕದಲ್ಲೇ ದೋಣಿ ನಿಲ್ಲಿಸೋಕೆ ಜಾಗ ಆಯ್ತು, ಬಂದರಾಯ್ತು, ಬಂದರಿಗೆ ಊರಾಯ್ತು. ನೆಸ್ಮರ್ಸೀಲ್, ಡೋರ್ನುಮರ್ಸೀಲ್, ವೆಸ್ಟರಾಕುಮರ್ಸೀಲ್ ಎಲ್ಲಾ ಹಾಗೆ ತೂಬಿನ ಬಾಯಲ್ಲಿ ಹುಟ್ಟಿದ ಊರುಗಳೇ.

ಆ ಏರಿಯನ್ನ ಯಾರು ನೋಡ್ಕೋಬೇಕು? ಎಲ್ಲರೂ. ಅಲ್ಲಿ ಒಂದು ಹಳೇ ಗಾದೆ ಇದೆ, ಏರಿ ಕಟ್ಟೋಕೆ ಆಗದೋನು ಜಾಗ ಖಾಲಿ ಮಾಡ್ಬೇಕು ಅಂತ. ಬಾಯಿಮಾತಲ್ಲ, ಕಾನೂನು. ಒಬ್ಬೊಬ್ಬ ರೈತನಿಗೂ ಏರಿಯ ಇಷ್ಟು ಉದ್ದ ನಿಂದು ಅಂತ ಭಾಗ ಮಾಡಿ ಕೊಡ್ತಿದ್ರು. ಅದನ್ನ ರಿಪೇರಿ ಮಾಡೋಕೆ ಕೈಲಾಗ್ಲಿಲ್ಲ ಅಂದ್ರೆ ಅವನು ತನ್ನ ಗುದ್ದಲಿಯನ್ನ ಏರಿ ಮೇಲೆ ನೆಟ್ಟು ಹೊರಟುಬಿಡ್ಬೇಕು. ಆ ಗುದ್ದಲಿಯನ್ನ ಯಾರು ಕೀಳ್ತಾನೋ ಅವನಿಗೆ ಹೊಲ, ಮನೆ ಎಲ್ಲಾ, ಜೊತೆಗೆ ಏರಿ ಕೆಲಸಾನೂ. ಕ್ರೂರ ಅನ್ಸುತ್ತಲ್ವಾ? ಆದ್ರೆ ಒಬ್ಬನ ಭಾಗ ಒಡೆದ್ರೆ ಮುಳುಗೋದು ಅವನೊಬ್ಬನೇ ಅಲ್ಲ, ಇಡೀ ಸೀಮೆ.

ಈಗ 1717ಕ್ಕೆ ಬರ್ತೀನಿ. ಇದನ್ನ ಹೇಳ್ದೇ ಆ ಊರಿನ ಕಥೆ ಹೇಳೋಕಾಗಲ್ಲ, ಸ್ವಲ್ಪ ಟೈಮ್ ತಗೊಳ್ಳುತ್ತೆ, ತಗೊಳ್ಳಲಿ. ಆ ಹೊತ್ತಿಗೆ ಡೋರ್ನುಮ್ ಒಳ್ಳೇ ಸ್ಥಿತಿಯಲ್ಲಿತ್ತು. ಫ್ರೀಸ್‌ಲ್ಯಾಂಡಿನಲ್ಲಿ ಹಿಂದೆ ಊರೂರಿಗೆ ನಾಯಕರು ಇದ್ರು, ಡೋರ್ನುಮ್ ಒಂದರಲ್ಲೇ ಮೂರು ಕೋಟೆಮನೆ ಇತ್ತು, ಅದರಲ್ಲಿ ಉತ್ತರದ್ದನ್ನ 1700ರ ಆಸುಪಾಸಲ್ಲಿ ಅಲ್ಲಿನ ಜಹಗೀರುದಾರರು ಸುತ್ತ ನೀರಿನ ಕಂದಕ ಇರೋ ಚೆಂದದ ಅರಮನೆಯಾಗಿ ಹೊಸದಾಗಿ ಕಟ್ಟಿಸಿದ್ರು. 1711ಕ್ಕೆ ಚರ್ಚಿಗೆ ದೊಡ್ಡ ಆರ್ಗನ್ ಬಂತು, ಗೆರ್ಹಾರ್ಡ್ ಫಾನ್ ಹೋಲಿ ಅಂತ ಕುಶಲಿಗ ಮಾಡಿದ್ದು, ಇವತ್ತೂ ನುಡಿಯುತ್ತೆ. ಅರಮನೆಗೆ ದುಡ್ಡಿತ್ತು, ಆರ್ಗನ್‌ಗೆ ದುಡ್ಡಿತ್ತು. ಏರಿ ಮಾತ್ರ ಆ ಸೀಮೆಯಲ್ಲೆಲ್ಲಾ ಕುಳ್ಳ, ಮೈ ತೀರಾ ಕಡಿದು, ಎಷ್ಟೋ ಕಡೆ ಸವೆದುಹೋಗಿತ್ತು.

ಡಿಸೆಂಬರ್ 24, ಕ್ರಿಸ್ಮಸ್ ಹಿಂದಿನ ರಾತ್ರಿ. ಹಲವು ದಿನದಿಂದ ನೈಋತ್ಯದ ಗಾಳಿ ಜೋರಾಗಿ ಬೀಸ್ತಾ ಇತ್ತು, ಆ ಗಾಳಿ ಅಟ್ಲಾಂಟಿಕ್ ನೀರನ್ನ ಉತ್ತರ ಸಮುದ್ರದೊಳಗೆ ತುಂಬ್ತಾ ಇತ್ತು, ಅದು ಯಾರಿಗೂ ಕಾಣಲ್ಲ. ಸಂಜೆ ಗಾಳಿ ಕಡಿಮೆ ಆಯ್ತು. ಅಬ್ಬಾ ಅಂತ ಜನ ಮಲಗಿದ್ರು, ಬೆಳಿಗ್ಗೆ ಹಬ್ಬ. ಮಧ್ಯರಾತ್ರಿ ದಾಟಿದ ಮೇಲೆ ಗಾಳಿ ವಾಯುವ್ಯಕ್ಕೆ ತಿರುಗಿ ಬಿರುಗಾಳಿ ಆಯ್ತು, ಅಂದ್ರೆ ತುಂಬಿಟ್ಟ ನೀರನ್ನೆಲ್ಲಾ ನೇರವಾಗಿ ಈ ದಂಡೆ ಮೇಲೆ ದಬ್ಬೋ ಗಾಳಿ. ನೀರು ಏರಿಯ ತಲೆ ದಾಟ್ತು. ಇಲ್ಲಿ ಗಮನ ಕೊಡಿ, ಏರಿ ಹೊರಗಿನಿಂದ ಹೊಡೆತ ತಿಂದು ಬೀಳೋದಕ್ಕಿಂತ ಮೇಲಿಂದ ದಾಟಿದ ನೀರು ಒಳಗಿನ ಇಳಿಜಾರನ್ನ ಕೊರೆದು ಬೀಳೋದು ಜಾಸ್ತಿ. ಹಾಗೆ ಒಂದು ಕಡೆ ಬಾಯಿ ಬಿಟ್ರೆ ಮುಗೀತು. ಬೆಳಗಿನ ಜಾವದ ಹೊತ್ತಿಗೆ ಹಾಲೆಂಡಿನಿಂದ ಡೆನ್ಮಾರ್ಕ್‌ವರೆಗೆ ಏರಿಗಳು ಒಡೆದಿದ್ವು. ನಿದ್ದೆಯಲ್ಲಿದ್ದೋರು ಹಾಸಿಗೆಯಲ್ಲೇ ನೀರು ಕಂಡ್ರು, ಅಟ್ಟ ಹತ್ತಿದ್ರು, ಸೂರು ಹತ್ತಿದ್ರು, ಆ ಹುಲ್ಲಿನ ಸೂರೇ ಕಿತ್ಕೊಂಡು ತೆಪ್ಪದ ಹಾಗೆ ತೇಲಿಹೋಯ್ತು, ಮೇಲೆ ಒಳವಸ್ತ್ರದಲ್ಲಿ ಚಳಿಗೆ ಮರಗಟ್ಟಿದ ಜನ. ನೀರಿಂದ ಬದುಕಿ ಚಳಿಯಿಂದ ಸತ್ತೋರೂ ಇದ್ರು. ಉತ್ತರ ಸಮುದ್ರದ ಕರಾವಳಿ ಎಲ್ಲಾ ಸೇರಿ 11,000ಕ್ಕೂ ಹೆಚ್ಚು ಜನ, ಪೂರ್ವ ಫ್ರೀಸ್‌ಲ್ಯಾಂಡ್ ಒಂದರಲ್ಲೇ 2,700ರಷ್ಟು. ದನ ಕುದುರೆ ಲೆಕ್ಕ ಬೇಡ.

ಇಷ್ಟಕ್ಕೇ ಮುಗೀಲಿಲ್ಲ. ಏರಿ ಒಡೆದ್ರೆ ತಕ್ಷಣ ಕಟ್ಬೇಕು, ಯಾಕಂದ್ರೆ ಮುಂದಿನ ಉಬ್ಬರ ಹನ್ನೆರಡು ಗಂಟೆಯಲ್ಲಿ ಬರುತ್ತೆ, ಅದು ಹಬ್ಬ ಹರಿದಿನ ನೋಡಲ್ಲ. ಆದ್ರೆ ಕಟ್ಬೇಕಾದ ರೈತರೇ ಸತ್ತಿದ್ರು, ಇಲ್ಲಾ ಬರಿಗೈ ಆಗಿದ್ರು. ಅಲ್ಲಿನ ಅರಸನಿಗೂ ಜನಪ್ರತಿನಿಧಿಗಳ ಸಭೆಗೂ ದುಡ್ಡು ಯಾರು ಕೊಡ್ಬೇಕು ಅಂತ ಜಗಳ. 1718ರ ಫೆಬ್ರವರಿಯಲ್ಲಿ ಮಂಜುಗಡ್ಡೆ ಹೊತ್ತ ಪ್ರವಾಹ ಬಂದು ಅಷ್ಟಿಷ್ಟು ಕಟ್ಟಿದ್ದನ್ನೂ ಕಿತ್ಕೊಂಡು ಹೋಯ್ತು. 1720ರ ಕೊನೇ ರಾತ್ರಿ ಇನ್ನೊಂದು. ಹೊಲಕ್ಕೆ ಉಪ್ಪು ಕೂತು ಬೆಳೆ ಹೋಯ್ತು, ಬಾವಿಗಳು ಉಪ್ಪಾದವು, ಎಷ್ಟೋ ಜನ ಊರು ಬಿಟ್ರು. ಸಾಲದ ಮೇಲೆ ಸಾಲ. ಆ ಅರಸು ಮನೆತನಕ್ಕೆ ಮತ್ತೆ ತಲೆ ಎತ್ತೋಕಾಗ್ಲಿಲ್ಲ, 1744ರಲ್ಲಿ ವಾರಸುದಾರ ಇಲ್ದೇ ಹೋದಾಗ ಪ್ರಷ್ಯಾ ಬಂದು ಸೀಮೆಯನ್ನೇ ತಗೊಂಡ್ತು. ರಾಜಕೀಯ ಇತಿಹಾಸ ಓದೋರು 1744 ಅಂತ ಬರ್ಕೊಳ್ತಾರೆ, ಪಕ್ಕದಲ್ಲಿ 1717 ಅಂತಾನೂ ಬರ್ಕೊಳ್ಳಿ ದಯವಿಟ್ಟು.

ನನಗೆ ಕೊಟ್ಟ ಕಾಲುಗಂಟೆಯಲ್ಲಿ ಪ್ರವಾಹವೇ ಸುಮಾರು ತಿಂದಾಯ್ತು, ಉಳಿದಿದ್ದನ್ನ ಬೇಗ ಹೇಳ್ತೀನಿ. ಡೋರ್ನುಮ್‌ನಲ್ಲಿ 1626ರ ಒಂದು ಗಾಳಿ ಗಿರಣಿ ಇದೆ, ಇಡೀ ಗಿರಣಿಮನೆಯೇ ಒಂದು ಕಂಬದ ಮೇಲೆ ಗಾಳಿ ಬಂದ ಕಡೆಗೆ ತಿರುಗೋ ಥರದ್ದು. 1841ರ ಯಹೂದಿ ಪ್ರಾರ್ಥನಾ ಮಂದಿರ ಇದೆ. 1938ರ ನವೆಂಬರ್‌ನಲ್ಲಿ ನಾಜಿಗಳು ದೇಶದ ತುಂಬಾ ಯಹೂದಿ ಮಂದಿರಗಳನ್ನ ಸುಡೋಕೆ ಸ್ವಲ್ಪ ಮುಂಚೆಯಷ್ಟೇ ಅದು ಬೇರೆಯವರಿಗೆ ಮಾರಾಟ ಆಗಿತ್ತು, ಹಾಗಾಗಿ ಕಟ್ಟಡ ಉಳೀತು, ಜನ ಉಳೀಲಿಲ್ಲ. ಈಗ ಅದು ಸ್ಮಾರಕ. ಇದಕ್ಕೆ ಇನ್ನೊಂದು ಭಾಷಣವೇ ಬೇಕು, ಕರೆದ್ರೆ ಬರ್ತೀನಿ.

ಈಗಿನ ಏರಿ ಬೇರೆ ಥರ. 1962ರ ಫೆಬ್ರವರಿ ಪ್ರವಾಹ ಆದ್ಮೇಲೆ ಕರಾವಳಿ ಪೂರ್ತಿ ಎತ್ತರಿಸಿದ್ರು. ಒಳಗೆ ಮರಳು, ಮೇಲೆ ದಪ್ಪ ಜೇಡಿಮಣ್ಣು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕುರಿ. ಕುರಿ ಚೆಂದಕ್ಕಲ್ಲ ರೀ, ಟೂರಿಸ್ಟ್‌ಗಳು ಫೋಟೋ ತೆಗೀತಾರೆ ಅಷ್ಟೇ. ಕುರಿ ಹುಲ್ಲನ್ನ ಗಿಡ್ಡಕ್ಕೆ ಮೇಯುತ್ತೆ, ಗೊರಸಿಂದ ಮಣ್ಣು ತುಳಿದು ಗಟ್ಟಿ ಮಾಡುತ್ತೆ. ದನ ಬಿಟ್ರೆ ಭಾರಕ್ಕೆ ಗುಂಡಿ ಬೀಳುತ್ತೆ, ಮಷೀನ್ ಬಿಟ್ರೆ ತುಳಿಯಲ್ಲ. ಚಳಿಗಾಲದ ಬಿರುಗಾಳಿ ಆದ್ಮೇಲೆ ಸಮುದ್ರ ಏರಿಯ ಮೈಮೇಲೆ ಒಣ ಜೊಂಡು ಕಡ್ಡಿ ಕಸದ ಒಂದು ಪಟ್ಟೆ ಬಿಟ್ಟುಹೋಗುತ್ತೆ, ಅದನ್ನ ಬೇಗ ಎತ್ತಿ ಸಾಗಿಸ್ಬೇಕು. ಎತ್ತದಿದ್ರೆ ಅಡಿಯಲ್ಲಿ ಹುಲ್ಲು ಕೊಳೆಯುತ್ತೆ, ಹುಲ್ಲು ಕೊಳೆತ ಕಡೆ ಮಣ್ಣು ಬತ್ತಲೆ, ಬತ್ತಲೆ ಮಣ್ಣಿಗೆ ಮುಂದಿನ ಅಲೆ ಬಾಯಿ ಹಾಕುತ್ತೆ. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಒಂದ್ಸಲ, ಚಳಿ ಶುರುವಾಗೋ ಮುಂಚೆ ಒಂದ್ಸಲ, ಏರಿ ಸಂಘದೋರು ಅಧಿಕಾರಿಗಳ ಜೊತೆ ಏರಿ ತಪಾಸಣೆ ಮಾಡ್ತಾರೆ, ಎಲ್ಲಿ ಮೊಲ ಬಿಲ ತೋಡಿದೆ, ಎಲ್ಲಿ ಹೆಗ್ಗಣ ಹೊಕ್ಕಿದೆ ಅಂತ. ಒಂದು ಬಿಲ ಸಾಕು. ಏರಿ ಒಳಗೆ ಜಮೀನು ಮನೆ ಇರೋರೆಲ್ಲಾ ಇದಕ್ಕೆ ಇವತ್ತೂ ದುಡ್ಡು ಕಟ್ತಾರೆ, ಗುದ್ದಲಿ ನೆಡೋದು ನಿಂತಿದೆ ಅಷ್ಟೇ.

ಇನ್ನೊಂದು ಕಷ್ಟ. ನೀರು ಬಸಿದು ಬಸಿದು ಒಣಗಿಸಿದ ನೆಲ ಕುಗ್ಗುತ್ತೆ. ಸಾವಿರ ವರ್ಷ ನೀರು ಹೊರಗೆ ಹಾಕಿ ಹಾಕಿ ಎಷ್ಟೋ ಹೊಲ ಈಗ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ, ಹೊರಗೆ ಸಮುದ್ರ ಮೇಲಕ್ಕೆ ಬರ್ತಾ ಇದೆ. ಹಾಗಾಗಿ ಬರೀ ತೂಬಿನ ಬಾಗಿಲು ಸಾಲಲ್ಲ, ಪಂಪ್ ಬೇಕು. ವಾಯುವ್ಯದ ಗಾಳಿ ದಿನಗಟ್ಟಲೆ ನಿಂತ್ರೆ ಇಳಿತದಲ್ಲೂ ಸಮುದ್ರ ಇಳಿಯಲ್ಲ, ಬಾಗಿಲು ತೆರೆಯಲ್ಲ, ಒಳಗೆ ಮಳೆ ಸುರೀತಾ ಇರುತ್ತೆ, ಆಗ ಪಂಪ್ ನಿಂತ್ರೆ ಊರು ಸಮುದ್ರದಿಂದಲ್ಲ, ಮಳೆಯಿಂದ ಮುಳುಗುತ್ತೆ. ನೀರು ಹೊರಗೆ ಹಾಕ್ಲೇಬೇಕು, ಹೇಳಿದ್ನಲ್ಲಾ.

ಮರೆತ ಮಾತು, ಈ ಪುಟ್ಟ ಊರಿಗೇ ನಾರ್ವೆಯಿಂದ ಸಮುದ್ರದ ಅಡಿಯಲ್ಲಿ ಗ್ಯಾಸ್ ಪೈಪ್‌ಲೈನ್ ಬರುತ್ತೆ. ಯೂರೋಪೈಪ್ ಅಂತ, ಮೊದಲನೇದು 1995ರಲ್ಲಿ, ಎರಡನೇದು 1999ರಲ್ಲಿ. ಕೆಸರಿನ ಬಯಲು ಕೆಡಬಾರದು ಅಂತ ಅದರ ಅಡಿಯಲ್ಲಿ ಸುರಂಗ ಕೊರೆದು ಪೈಪ್ ತಂದ್ರು. ರಷ್ಯಾ ಗ್ಯಾಸ್ ನಿಂತ ಮೇಲೆ ಜರ್ಮನಿಗೆ ನಾರ್ವೆ ಗ್ಯಾಸ್ ಎಷ್ಟು ಮುಖ್ಯ ಅಂತ ಪೇಪರ್ ಓದೋರಿಗೆ ಗೊತ್ತು.

ಹೋಗ್ಬೇಕು ಅನ್ಸಿದ್ರೆ ನಾರ್ಡನ್ ಅನ್ನೋ ಊರಿನವರೆಗೆ ಟ್ರೇನ್ ಇದೆ, ಅಲ್ಲಿಂದ ಬಸ್ಸು. ಡೋರ್ನುಮ್‌ಗೆ ಮೊದಲು ಟ್ರೇನೇ ಇತ್ತು, 1983ರಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲಿಸಿದ್ರು, ಈಗ ಬೇಸಿಗೆಯಲ್ಲಿ ಹಳೇ ಗಾಡಿಗಳ ಆಸಕ್ತರು ಮ್ಯೂಸಿಯಂ ಟ್ರೇನ್ ಓಡಿಸ್ತಾರೆ, ಸಿಕ್ಕಿದ್ರೆ ಹತ್ತಿ. ಅರಮನೆ ನೋಡಿ, ಬೇಡ ಅನ್ನಲ್ಲ, ಆದ್ರೆ ಉಬ್ಬರ ಇಳಿತದ ಟೈಮ್‌ಟೇಬಲ್ ಕೇಳ್ಕೊಂಡು ಇಳಿತದ ಹೊತ್ತಿಗೆ ತೂಬಿನ ಹತ್ರ ಹೋಗಿ ನಿಂತ್ಕೊಳ್ಳಿ. ಆಮೇಲೆ ಚಹಾ ಕುಡೀರಿ. ಆ ಸೀಮೆಯೋರು ತಲೆಗೆ ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡೀತಾರೆ, ಪುಡಿ ಬಹುಪಾಲು ನಮ್ಮ ಅಸ್ಸಾಮಿಂದೇ. ಕಲ್ಲುಸಕ್ಕರೆ ಹಾಕಿ ಚಹಾ ಸುರಿದು ಮೇಲೆ ಒಂದು ಚಮಚ ಕೆನೆ ಬಿಡ್ತಾರೆ, ಕದಡಬಾರದು. ಮೂರು ಕಪ್ ಕುಡಿಯೋದು ಮರ್ಯಾದೆ. ಸಾಕು ಅಂತ ಬಾಯಲ್ಲಿ ಹೇಳಿದ್ರೆ ಕೇಳಲ್ಲ, ಚಮಚವನ್ನ ಕಪ್ ಒಳಗೆ ಇಟ್ಬಿಡಿ, ಇಲ್ಲಾಂದ್ರೆ ಸುರೀತಾನೇ ಇರ್ತಾರೆ. ನಮಸ್ಕಾರ.